ಕಪ್ಪು ಗೋಧಿ ಹಿಟ್ಟು, ಬ್ರೆಡ್ಡು, ಬಿಸ್ಕತ್ತು: ತುಮಕೂರಿನಲ್ಲಿ ಸಿಗುವ ಮಾಲಿನಲ್ಲಿ ಯಾವುದಕ್ಕೆ ದುಡ್ಡು ಕೊಡಬಹುದು?

ತುಮಕೂರಿನ ಸಾವಯವ ಅಂಗಡಿಗಳಲ್ಲಿ ಮತ್ತು ಕೆಲವು ದೊಡ್ಡ ದಿನಸಿ ಮಳಿಗೆಗಳಲ್ಲಿ ಈಗ ಕಪ್ಪು ಗೋಧಿ ನಾಲ್ಕು ರೂಪದಲ್ಲಿ ಸಿಗುತ್ತಿದೆ: ಇಡೀ ಕಾಳು, ಪ್ಯಾಕೆಟ್ ಹಿಟ್ಟು, ಬೇಕರಿ ಬ್ರೆಡ್ಡು, ಮತ್ತೆ ಬಿಸ್ಕತ್ತು-ರಸ್ಕು. ಬೆಲೆ ಮಾಮೂಲಿ ಗೋಧಿಯ ಎರಡು-ಮೂರು ಪಟ್ಟು. ಆ ಹೆಚ್ಚಿನ ದುಡ್ಡು ಹೋಗುವುದು ಕಾಳಿನ ಮೇಲ್ಪದರದಲ್ಲಿರುವ, ಆರೋಗ್ಯಕ್ಕೆ ಒಳ್ಳೆಯದೆನ್ನುವ ಆಂಥೋಸಯನಿನ್ ಎಂಬ ವರ್ಣಕಕ್ಕೆ. ಅದೊಂದನ್ನು ತೆಗೆದರೆ ಇದೂ ಬರೀ ಗೋಧಿಯೇ. ಹಾಗಾಗಿ ರುಚಿಯ ಮಾತಿಗಿಂತ ಮೊದಲು ಕೇಳಬೇಕಾದ್ದು, ಬೆಂದು ತಟ್ಟೆಗೆ ಬರುವ ಹೊತ್ತಿಗೆ ಆ ವರ್ಣಕ ಎಷ್ಟು ಉಳಿದಿರುತ್ತದೆ ಎಂದು. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಳಿಗೆ ಧಾರಾಳವಾಗಿ ಕೊಡಬಹುದು, ಹಿಟ್ಟಿಗೆ ತಾರೀಖು ನೋಡಿ ಕೊಡಬಹುದು, ಬ್ರೆಡ್ಡಿಗೆ ನಾಲ್ಕು ಮಾತು ವಿಚಾರಿಸಿ ಕೊಡಬಹುದು. ಬಿಸ್ಕತ್ತಿಗೆ ಬೇಡ. ರಸ್ಕಿಗಂತೂ ಬೇಡವೇ ಬೇಡ.

ಈ ಗೋಧಿ ನಮ್ಮ ಸೀಮೆಯ ಬೆಳೆಯಲ್ಲ. ಮೊಹಾಲಿಯ ರಾಷ್ಟ್ರೀಯ ಕೃಷಿ-ಆಹಾರ ಜೈವಿಕ ತಂತ್ರಜ್ಞಾನ ಸಂಸ್ಥೆ, ಅಂದರೆ ನಾಬಿ, ಮೋನಿಕಾ ಗರ್ಗ್ ಅವರ ನೇತೃತ್ವದಲ್ಲಿ ಬಣ್ಣದ ಗೋಧಿಯ ತಳಿಗಳನ್ನು ಬೆಳೆಸಿತು; ಕಪ್ಪು ತಳಿಗೆ ನಾಬಿ ಎಂಜಿ ಎಂದು ಹೆಸರು. ನೇರಳೆ ಗೋಧಿಯಲ್ಲಿ ಬಣ್ಣ ಇರುವುದು ಹೊರಸಿಪ್ಪೆಯಲ್ಲಿ. ನೀಲಿ ಗೋಧಿಯಲ್ಲಿ ಅದಕ್ಕಿಂತ ಒಳಗಿನ ಅಲ್ಯೂರಾನ್ ಪದರದಲ್ಲಿ. ಎರಡೂ ಪದರಕ್ಕೆ ಬಣ್ಣ ಬಂದಾಗ ಕಾಳು ಕಪ್ಪಾಗಿ ಕಾಣುತ್ತದೆ. ಸಂಸ್ಥೆಯ ಲೆಕ್ಕದಲ್ಲಿ ಮಾಮೂಲಿ ಗೋಧಿಯ ಆಂಥೋಸಯನಿನ್ ಸುಮಾರು 5 ಪಿಪಿಎಂ, ನೇರಳೆಯದು 40, ನೀಲಿಯದು 80, ಕಪ್ಪಿನದು 140. ಪಿಪಿಎಂ ಎಂದರೆ ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಓದಿಕೊಳ್ಳಿ. ಕಾಳಿನ ತಿರುಳು ಯಾವ ತಳಿಯಲ್ಲೂ ಬಿಳಿಯೇ.

ತಿರುಳು ಬಿಳಿ ಎನ್ನುವುದನ್ನು ಮರೆತವರಿಗೆ ಹಿಟ್ಟಿನ ಹಂತದಲ್ಲೇ ಅರ್ಧ ನಷ್ಟ. ಗೋಧಿ ಹಿಟ್ಟನ್ನು ಜರಡಿ ಹಿಡಿಯುವುದು ನಮ್ಮ ಮನೆಗಳಲ್ಲಿ ಕೈಗಂಟಿದ ಅಭ್ಯಾಸ. ಕಪ್ಪು ಗೋಧಿ ಹಿಟ್ಟನ್ನು ಸಣ್ಣ ಕಣ್ಣಿನ ಜರಡಿಗೆ ಹಾಕಿದರೆ ಮೇಲೆ ಉಳಿಯುವ ಬೂಸಾದಲ್ಲೇ ಬಣ್ಣದ ದೊಡ್ಡ ಪಾಲು ಇರುತ್ತದೆ, ಅದು ಹೋಗುವುದು ಕಲಗಚ್ಚಿನ ಬಾನಿಗೆ. ಮನೆಯವರು ಮಾಮೂಲಿ ಚಪಾತಿ ತಿಂದು, ಮೂರು ಪಟ್ಟು ಬೆಲೆಯ ವರ್ಣಕವನ್ನು ಹಸುವಿಗೆ ಕೊಟ್ಟಂತೆ. ಪ್ಯಾಕೆಟ್ ಹಿಟ್ಟಿನಲ್ಲೂ ಇದೇ ತೊಂದರೆ: ಮುಟ್ಟಿದರೆ ಮೈದಾದಷ್ಟು ನುಣ್ಣಗಿದ್ದು, ಬಣ್ಣ ತೆಳು ಬೂದಿಯಾಗಿದ್ದರೆ ಹೊಟ್ಟು ತೆಗೆದ ಹಿಟ್ಟು, ಇಲ್ಲವೇ ಮಾಮೂಲಿ ಗೋಧಿ ಬೆರೆಸಿದ್ದು. ಪೂರ್ತಿ ಹಿಟ್ಟು ನೋಡಲು ಕಡುಬೂದು, ಅದರಲ್ಲಿ ಕಪ್ಪು-ನೇರಳೆ ಚುಕ್ಕೆಗಳು ಕಾಣಬೇಕು. ಬೆರಳಲ್ಲಿ ಉಜ್ಜಿದರೆ ಸ್ವಲ್ಪ ತರಿ ಸಿಗಬೇಕು.

ಒಂದು ಚಿಕ್ಕ ಪರೀಕ್ಷೆ ಇದೆ, ಎಲ್ಲ ಅಡುಗೆಮನೆಯಲ್ಲೂ ಆಗುತ್ತದೆ. ಒಂದು ಚಮಚ ಹಿಟ್ಟನ್ನು ಅರ್ಧ ಲೋಟ ನೀರಿಗೆ ಕಲಸಿ ಹತ್ತು ನಿಮಿಷ ಬಿಡಿ. ತಿಳಿಯನ್ನು ಎರಡು ಬಟ್ಟಲಿಗೆ ಬಗ್ಗಿಸಿ, ಒಂದಕ್ಕೆ ನಿಂಬೆರಸ ಹಿಂಡಿ, ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ. ಅಸಲಿ ಮಾಲಾದರೆ ನಿಂಬೆಯ ಬಟ್ಟಲು ಗುಲಾಬಿ ಕಡೆಗೆ, ಸೋಡಾದ ಬಟ್ಟಲು ನೀಲಿ-ಹಸಿರು ಕಡೆಗೆ ಹೊರಳುತ್ತದೆ. ನೇರಳೆ ಹಣ್ಣಿನ ಕಲೆಗೆ ಸೋಪು ತಾಗಿದಾಗ ನೀಲಿಗೆ ತಿರುಗುತ್ತದಲ್ಲ, ಅಲ್ಲಿ ಆಗುವುದೂ ಇದೇ. ಮೇಲಿಂದ ಬಣ್ಣ ಕಟ್ಟಿದ ಕಾಳಾದರೆ ಸಾಮಾನ್ಯವಾಗಿ ಹೀಗೆ ಎರಡು ಕಡೆಗೆ ಹೊರಳುವುದಿಲ್ಲ. ಕಾಳು ನೆನೆಸಿದ ನೀರಿಗೆ ಬಣ್ಣ ಬಿಟ್ಟಿತೆಂದು ಮಾತ್ರಕ್ಕೆ ಕಲಬೆರಕೆ ಎಂದು ಅಂಗಡಿಯವರ ಮೇಲೆ ಎಗರಬೇಡಿ. ಆಂಥೋಸಯನಿನ್ ನೀರಿನಲ್ಲಿ ಕರಗುವ ವಸ್ತು, ಸ್ವಲ್ಪ ಬಿಟ್ಟೇ ಬಿಡುತ್ತದೆ. ಅದೇ ಕಾರಣಕ್ಕೆ ಕಾಳನ್ನು ತೊಳೆದು ಗಂಟೆಗಟ್ಟಲೆ ನೆನೆಹಾಕಿ ನೀರು ಚೆಲ್ಲುವುದೂ ಬೇಡ; ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ ಗಿರಣಿಗೆ ಕೊಟ್ಟರೆ ಸಾಕು.

ಗಿರಣಿಯಲ್ಲಿ ಕಲ್ಲು ಬಿಗಿ ಮಾಡಿ ಒಂದೇ ಸಲಕ್ಕೆ ನುಣ್ಣಗೆ ಬೀಸಿಸಿದರೆ ಹಿಟ್ಟು ಕೈ ಸುಡುವಷ್ಟು ಬಿಸಿಯಾಗಿ ಇಳಿಯುತ್ತದೆ. ಆ ಬಿಸಿಯಲ್ಲೇ ಡಬ್ಬಿಗೆ ತುಂಬಿದರೆ ಗಂಟೆಗಟ್ಟಲೆ ಆರುವುದಿಲ್ಲ. ಸ್ವಲ್ಪ ತರಿಯಾಗಿ ಬೀಸಿಸಿ, ಮನೆಗೆ ತಂದ ಕೂಡಲೇ ಬಟ್ಟೆಯ ಮೇಲೆ ಹರಡಿ. ಹೊಟ್ಟು, ಮೊಳಕೆಭಾಗ ಎಲ್ಲ ಸೇರಿದ ಹಿಟ್ಟಾದ್ದರಿಂದ ಎಣ್ಣೆಯ ಅಂಶ ಬೇಗ ಕಮಟು ಹಿಡಿಯುತ್ತದೆ. ಒಂದು ತಿಂಗಳಿಗಾಗುವಷ್ಟು ಮಾತ್ರ ಬೀಸಿಸಿ. ಪ್ಯಾಕೆಟ್ ಕೊಳ್ಳುವವರು ಪಾರದರ್ಶಕ ಕವರನ್ನು, ಅದರಲ್ಲೂ ಅಂಗಡಿಯ ಮುಂಭಾಗದಲ್ಲಿ ಬಿಸಿಲಿಗೆ ಒಡ್ಡಿಟ್ಟದ್ದನ್ನು ಬಿಟ್ಟುಬಿಡಿ. ಬೆಳಕು, ಗಾಳಿ, ಬಿಸಿ, ಮೂರೂ ಈ ವರ್ಣಕಕ್ಕೆ ಆಗಿಬರುವುದಿಲ್ಲ.

ಇನ್ನು ಬೇಯಿಸುವ ಮಾತು. ಇಲ್ಲಿ ಕಣ್ಣನ್ನು ಪೂರ್ತಿ ನಂಬುವಂತಿಲ್ಲ. ಆಂಥೋಸಯನಿನ್‌ನ ಬಣ್ಣ ಹುಳಿಗೆ ತಕ್ಕಂತೆ ಬದಲಾಗುತ್ತದೆ. ಹುಳಿ-ಕ್ಷಾರದ ಅಳತೆಗೆ ಪಿಎಚ್ ಎನ್ನುತ್ತಾರೆ, ಅದು ಕಡಿಮೆಯಾದಷ್ಟೂ ಹುಳಿ ಹೆಚ್ಚು. ಪಿಎಚ್ 3ಕ್ಕಿಂತ ಕೆಳಗೆ ಕೆಂಪು, 4-5ರ ಆಸುಪಾಸಿನಲ್ಲಿ ಬಹುಪಾಲು ಬಣ್ಣವಿಲ್ಲದ ರೂಪ, 6-7ರಲ್ಲಿ ನೇರಳೆ-ನೀಲಿ, 8 ದಾಟಿದರೆ ಹಸಿರಾಗಿ ಕೊನೆಗೆ ಹಳದಿ. ಹುಳಿ ಬರಿಸಿದ ಬ್ರೆಡ್ಡು ಮಾಸಲಾಗಿ ಕಂಡರೂ ವರ್ಣಕ ಒಳಗೆ ಇರಬಹುದು. ಕಡುಕಂದು ಬಿಸ್ಕತ್ತಿನಲ್ಲಿ ವರ್ಣಕವೇ ಇಲ್ಲದಿರಬಹುದು, ಏಕೆಂದರೆ ಸಕ್ಕರೆ ಮತ್ತು ಪ್ರೋಟೀನು ಬಿಸಿಗೆ ಸೇರಿ ಹುಟ್ಟುವ ಕಂದು ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಬಿಸಿ ಮಾಡುವ ಕೆಲಸ ಬೇರೆ: ವರ್ಣಕದ ಅಣುವಿನ ಉಂಗುರ ಬಿಚ್ಚಿಕೊಳ್ಳುತ್ತದೆ, ಅದಕ್ಕೆ ಅಂಟಿದ ಸಕ್ಕರೆ ಕಳಚುತ್ತದೆ, ಕೊನೆಗೆ ಚಿಕ್ಕ ಫೀನಾಲಿಕ್ ಆಮ್ಲಗಳಾಗಿ ಒಡೆಯುತ್ತದೆ. ಹೀಗೆ ಒಡೆದದ್ದು ಮತ್ತೆ ಕೂಡಿಕೊಳ್ಳುವುದಿಲ್ಲ. ಬಿಸಿ ಎಷ್ಟು, ಎಷ್ಟು ಹೊತ್ತು, ಹಿಟ್ಟು ಹುಳಿಯೋ ಕ್ಷಾರವೋ, ಈ ಮೂರೇ ಲೆಕ್ಕ.

ಆ ಲೆಕ್ಕದಲ್ಲಿ ಚಪಾತಿಯೇ ಗೆಲ್ಲುತ್ತದೆ. ಕಾವಲಿ 200 ಡಿಗ್ರಿ ದಾಟಿದರೂ ಚಪಾತಿ ಅದರ ಮೇಲೆ ಇರುವುದು ಒಂದೂವರೆ ನಿಮಿಷ. ಒಳಗಿನ ನೀರು ಆವಿಯಾಗಿ ಉಬ್ಬುವಾಗ ತಿರುಳಿನ ಬಿಸಿ 100 ಡಿಗ್ರಿಯ ಹತ್ತಿರದಲ್ಲೇ ನಿಲ್ಲುತ್ತದೆ. ಎರಡು ಲೋಟ ಹಿಟ್ಟಿಗೆ ಎರಡು ದೊಡ್ಡ ಚಮಚ ಹುಳಿ ಮೊಸರು ಹಾಕಿ ಕಲಸಿ. ಹೊಟ್ಟು ನೀರು ಕುಡಿಯುವುದು ನಿಧಾನ, ಆದ್ದರಿಂದ ಮೊದಲು ಸ್ವಲ್ಪ ಸಡಿಲವಾಗಿಯೇ ಕಲಸಿ ಅರ್ಧ ಗಂಟೆ ಮುಚ್ಚಿಟ್ಟರೆ ಸರಿಯಾದ ಹದಕ್ಕೆ ಬರುತ್ತದೆ. ಕೂಡಲೇ ಲಟ್ಟಿಸಿದರೆ ಅಂಚು ಬಿರಿಯುತ್ತದೆ, ಬೇಯುವಾಗ ಒಣಗುತ್ತದೆ. ಕಲಸಿದ ಹಿಟ್ಟನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆಗೆ ಕೊಳೆ ಬೂದು ಬಣ್ಣಕ್ಕೆ ತಿರುಗುವುದು ಎಲ್ಲರ ದೂರು. ಹೊಟ್ಟಿನಲ್ಲಿರುವ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಗಾಳಿಯ ಜೊತೆ ಸೇರಿ ಮಾಡುವ ಕೆಲಸ ಅದು. ಕೊಯ್ದಿಟ್ಟ ಬದನೆಕಾಯಿ ಕಪ್ಪಾಗುವುದೂ ಇದರಿಂದಲೇ. ಮೊಸರಿನ ಹುಳಿ ಈ ಕಿಣ್ವವನ್ನು ಸ್ವಲ್ಪ ತಡೆಯುತ್ತದೆ. ಆದರೂ ಆ ಹೊತ್ತಿಗೆ ಬೇಕಾದಷ್ಟೇ ಕಲಸಿಕೊಳ್ಳುವುದು ಲೇಸು. ಕಬ್ಬಿಣದ ಬಾಣಲೆಯಲ್ಲೋ ಅಲ್ಯೂಮಿನಿಯಂ ಪಾತ್ರೆಯಲ್ಲೋ ಹಿಟ್ಟು ಕಲಸಿಡಬೇಡಿ. ಈ ವರ್ಣಕ ಲೋಹವನ್ನು ಹಿಡಿದುಕೊಂಡು ಸ್ಲೇಟಿನ ಬಣ್ಣಕ್ಕೆ ತಿರುಗುತ್ತದೆ. ಸ್ಟೀಲು ಸರಿ. ಕಬ್ಬಿಣದ ಕಾವಲಿಯಿಂದ ತೊಂದರೆ ಇಲ್ಲ, ಅದರ ಸಹವಾಸ ಒಂದೆರಡು ನಿಮಿಷದ್ದು.

ನೀರಿನ ವಿಷಯವನ್ನು ಪ್ಯಾಕೆಟ್ಟಿನವರು ಯಾರೂ ಬರೆಯುವುದಿಲ್ಲ, ನಮ್ಮ ಜಿಲ್ಲೆಗೆ ಅದು ದೊಡ್ಡದು. ಪಾವಗಡ, ಶಿರಾ, ಮಧುಗಿರಿ ಕಡೆಯ ಬೋರ್‌ವೆಲ್ ನೀರು ಗಡಸು. ಪಾತ್ರೆಯಲ್ಲಿ ಬಿಳಿ ಪದರ ಕಟ್ಟಿಸುವ ಬೈಕಾರ್ಬನೇಟುಗಳು ಅದರಲ್ಲಿ ಧಾರಾಳ. ಅಂಥ ನೀರು ಹಿಟ್ಟಿನ ಹುಳಿಯನ್ನು ತಿಂದುಹಾಕುತ್ತದೆ. ಒಂದೇ ಪ್ಯಾಕೆಟ್ಟಿನ ಹಿಟ್ಟು ಒಂದು ಮನೆಯಲ್ಲಿ ನೇರಳೆ ಛಾಯೆಗೂ ಇನ್ನೊಂದು ಮನೆಯಲ್ಲಿ ಹಸಿರುಬೂದಿಗೂ ಬಂದರೆ ಮೊದಲು ಅನುಮಾನಿಸಬೇಕಾದ್ದು ನೀರನ್ನು. ಶುದ್ಧ ನೀರಿನ ಘಟಕದ ಕ್ಯಾನಿನ ನೀರು ಬಳಸಿ, ಇಲ್ಲವೇ ಮೊಸರನ್ನು ಇನ್ನೊಂದು ಚಮಚ ಹೆಚ್ಚಿಸಿ. ನಿಂಬೆರಸಕ್ಕಿಂತ ಮೊಸರೇ ವಾಸಿ. ನಿಂಬೆಯಲ್ಲಿರುವ ಸಿ ಜೀವಸತ್ವ ಗಾಳಿಯ ಜೊತೆ ಸೇರಿದಾಗ ಆಂಥೋಸಯನಿನ್ ಒಡೆಯುವುದಕ್ಕೆ ಕುಮ್ಮಕ್ಕು ಕೊಡುತ್ತದೆ.

ಬ್ರೆಡ್ಡಿಗೆ ಬಂದರೆ ಅಂಗಡಿಯ ಮಾಲಿನ ಗುಣ ಒಂದೇ ಮಟ್ಟದಲ್ಲಿಲ್ಲ. ಹಿಂಬದಿಯ ಲೇಬಲ್ ಓದುವುದು ಮೊದಲ ಕೆಲಸ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂಬ ನಿಯಮ ಇದೆ. ಮೈದಾ, ಸಕ್ಕರೆ, ಎಣ್ಣೆ ಆದಮೇಲೆ ಕಪ್ಪು ಗೋಧಿಯ ಹೆಸರು ಬಂದರೆ ಅದು ದೇವರ ಪ್ರಸಾದದಷ್ಟೇ ಇದೆ ಎಂದರ್ಥ. 150ಎ, 150ಸಿ, 150ಡಿ ಎಂಬ ಸಂಖ್ಯೆ ಕಂಡರೆ ಅದು ಕ್ಯಾರಮೆಲ್ ಬಣ್ಣ. ಕೋಕೋ ಪುಡಿ, ಮಾಲ್ಟ್ ಹೆಸರಿದ್ದರೂ ಹಾಗೆಯೇ: ಬ್ರೆಡ್ಡಿನ ಕಪ್ಪು ಬಣ್ಣ ಗೋಧಿಯಿಂದ ಬಂದದ್ದಲ್ಲ. ಲೇಬಲ್ ಇಲ್ಲದ ಬೇಕರಿ ಮಾಲಾದರೆ ಸ್ಲೈಸಿನ ನಡುಭಾಗಕ್ಕೆ ನಾಲ್ಕು ಹನಿ ನಿಂಬೆರಸ ಬಿಟ್ಟು ಐದು ನಿಮಿಷ ಕಾಯಿರಿ. ಅಲ್ಲಲ್ಲಿ ಗುಲಾಬಿ ಚುಕ್ಕೆ ಮೂಡಿದರೆ ವರ್ಣಕ ಉಳಿದಿದೆ. ಬಣ್ಣ ಕಳೆದುಕೊಂಡು ಕೂತಿದ್ದ ರೂಪವೂ ಹುಳಿ ಸಿಕ್ಕಾಗ ಕೆಂಪಿಗೆ ಮರಳುತ್ತದೆ. ಏನೂ ಆಗದೆ ಕಂದು ಕಂದಾಗಿಯೇ ಉಳಿದರೆ ಕೊಟ್ಟ ಹೆಚ್ಚಿನ ದುಡ್ಡು ಕ್ಯಾರಮೆಲ್ಲಿಗೆ. ಅಂಚಿನ ಮೇಲೆ ಈ ಪರೀಕ್ಷೆ ಮಾಡಬೇಡಿ. ಅಂಚು 150 ಡಿಗ್ರಿ ದಾಟಿರುತ್ತದೆ, ಅಲ್ಲಿ ಅಸಲಿ ಬ್ರೆಡ್ಡಿನಲ್ಲೂ ಹೆಚ್ಚೇನೂ ಸಿಗುವುದಿಲ್ಲ. ತಿರುಳಿನಲ್ಲಿ ನೀರಿರುವ ತನಕ ಅದು 100 ಡಿಗ್ರಿ ದಾಟುವುದಿಲ್ಲ, ವರ್ಣಕ ಬದುಕುವುದು ಅಲ್ಲಿ.

ಮನೆಯಲ್ಲಿ ಓವನ್ ಇದ್ದವರಿಗೆ, ಅಂಗಡಿಯ ಬ್ರೆಡ್ಡಿಗಿಂತ ತಾವೇ ಮಾಡಿಕೊಂಡದ್ದು ಖಂಡಿತ ಮೇಲು. ಪೂರ್ತಿ ಕಪ್ಪು ಗೋಧಿಯಲ್ಲೇ ಬ್ರೆಡ್ಡು ಮಾಡಹೊರಟರೆ ಇಟ್ಟಿಗೆಯಾಗುತ್ತದೆ. ಹೊಟ್ಟಿನ ಚೂರುಗಳು ಗ್ಲುಟನ್ ಎಳೆಗಳನ್ನು, ಅಂದರೆ ಹಿಟ್ಟಿಗೆ ಜಿಗುಟು ಕೊಡುವ ಗೋಧಿಯ ಪ್ರೋಟೀನನ್ನು, ಕತ್ತರಿಸುವುದರಿಂದ ಗಾಳಿ ನಿಲ್ಲುವುದಿಲ್ಲ. ಕಪ್ಪು ಗೋಧಿ ಹಿಟ್ಟು 200 ಗ್ರಾಂ, ಮೈದಾ 300 ಗ್ರಾಂ, ಹುಳಿ ಮೊಸರು 100 ಗ್ರಾಂ, ನೀರು 270 ಮಿಲಿ, ಇನ್‌ಸ್ಟಂಟ್ ಈಸ್ಟ್ 5 ಗ್ರಾಂ, ಉಪ್ಪು 9 ಗ್ರಾಂ, ಸಕ್ಕರೆ 15 ಗ್ರಾಂ, ಎಣ್ಣೆ 15 ಗ್ರಾಂ ತೆಗೆದುಕೊಳ್ಳಿ. ಕಪ್ಪು ಹಿಟ್ಟನ್ನು ಮೊಸರು ಮತ್ತು ಅರ್ಧ ನೀರಿನಲ್ಲಿ ಮೊದಲೇ ಕಲಸಿ ಅರ್ಧ ಗಂಟೆ ಬಿಟ್ಟರೆ ಹೊಟ್ಟು ಮೆತ್ತಗಾಗಿ ಚುಚ್ಚುವುದು ಕಡಿಮೆಯಾಗುತ್ತದೆ. ಆಮೇಲೆ ಉಳಿದದ್ದೆಲ್ಲ ಸೇರಿಸಿ ಹತ್ತು ನಿಮಿಷ ನಾದಿ. ಇಮ್ಮಡಿ ಉಬ್ಬಿದ ಮೇಲೆ ಎರಡು ಸಣ್ಣ ಟಿನ್ನಿಗೆ ಹಂಚಿ, ಮತ್ತೆ ಟಿನ್ನಿನ ಅಂಚಿನವರೆಗೆ ಏರಲು ಬಿಡಿ. 190 ಡಿಗ್ರಿಯಲ್ಲಿ ಅರ್ಧ ಗಂಟೆ. ಮೊದಲ ಕಾಲು ಗಂಟೆ ಆದಮೇಲೆ ಮೇಲೆ ಫಾಯಿಲ್ ಮುಚ್ಚಿ. ಸಣ್ಣ ಟಿನ್ನು ಹೇಳಿದ್ದಕ್ಕೆ ಕಾರಣ ಇದೆ: ದೊಡ್ಡ ಲೋಫಿನ ನಡುಭಾಗ ಬೇಯಲು ಮುಕ್ಕಾಲು ಗಂಟೆ ಬೇಕು, ಅಷ್ಟರಲ್ಲಿ ಹೊರಭಾಗ ಅತಿಯಾಗಿ ಬೆಂದಿರುತ್ತದೆ. ಅಡುಗೆ ಥರ್ಮಾಮೀಟರ್ ಇದ್ದರೆ ನಡುವಿನಲ್ಲಿ 95 ಡಿಗ್ರಿ ಕಂಡಾಗ ತೆಗೆದುಬಿಡಿ, ಕಂದು ಸಾಲದು ಎಂದು ಇನ್ನೈದು ನಿಮಿಷ ಬಿಡುವ ಆಸೆ ಬೇಡ. ಬೆಲ್ಲ ಹಾಕಿದರೆ ಚೆನ್ನಾಗಿರುತ್ತದೆ ಎನ್ನುವವರಿದ್ದಾರೆ. ರುಚಿಗೆ ಸರಿ. ಆದರೆ ಬೆಲ್ಲ ಬೇಗ ಕಂದಾಗಿಸುತ್ತದೆ, ನೇರಳೆ ಛಾಯೆ ಅದರಡಿಯಲ್ಲಿ ಮುಚ್ಚಿಹೋಗುತ್ತದೆ, ಬೆಂದಿದೆಯೋ ಸೀದಿದೆಯೋ ತಿಳಿಯದು.

ರುಚಿಯ ಮಾತು ಹೆಚ್ಚಿಲ್ಲ. ಪೂರ್ತಿ ಗೋಧಿ ಬ್ರೆಡ್ಡಿನದೇ ರುಚಿ, ಹೊಟ್ಟಿನ ಒಗರು ಒಂದು ಎಳೆ ಹೆಚ್ಚು.

ಬಿಸ್ಕತ್ತಿಗೆ ಬೇಡ ಎಂದದ್ದೇಕೆಂದರೆ, ನಮ್ಮ ಕಡೆಯ ಬೇಕರಿಗಳಿಗೆ ರಾಗಿ ಬಿಸ್ಕತ್ತಿನ ಕೈ ಚೆನ್ನಾಗಿ ಪಳಗಿದೆ, ಅದೇ ಅಳತೆಗೆ ರಾಗಿಯ ಜಾಗದಲ್ಲಿ ಕಪ್ಪು ಗೋಧಿ ಹಾಕಿಬಿಡುವುದು ಸುಲಭ. ರಾಗಿಯ ಬಣ್ಣ ಸಿಪ್ಪೆಯ ಟ್ಯಾನಿನ್ ಜಾತಿಯದ್ದು, ಬೆಂಕಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಸೋಡಾ ಬಿದ್ದರೂ ಇನ್ನಷ್ಟು ಕಂದಾಗಿ ಚೆನ್ನಾಗಿಯೇ ಕಾಣುತ್ತದೆ. ಆಂಥೋಸಯನಿನ್ ಅಂಥ ಗಟ್ಟಿ ಆಸಾಮಿಯಲ್ಲ. ಅಡುಗೆ ಸೋಡಾ ಬಿಸಿಗೆ ಒಡೆದು ಕಾರ್ಬೊನೇಟ್ ಆಗಿ ಬಿಸ್ಕತ್ತಿನಲ್ಲೇ ಉಳಿಯುತ್ತದೆ, ಹಿಟ್ಟು ಕ್ಷಾರವಾಗುತ್ತದೆ, ಕ್ಷಾರದಲ್ಲಿ ಬಿಸಿ ತಾಗಿದರೆ ವರ್ಣಕ ಎಲ್ಲಕ್ಕಿಂತ ಬೇಗ ಹಾಳು. ಮೇಲಾಗಿ ಬಿಸ್ಕತ್ತು ತೆಳು. ನೀರು ಬೇಗ ಆರಿ, 100 ಡಿಗ್ರಿಯಲ್ಲಿ ತಡೆಯುವ ಅಡ್ಡಗೋಡೆ ಬಿದ್ದುಹೋಗುತ್ತದೆ. ಅಲ್ಲಿಂದ ಇಡೀ ಬಿಸ್ಕತ್ತೇ ಅಂಚಿನಂತೆ ಕಾಯುತ್ತದೆ. ಮುರಿದು ನೋಡಿದಾಗ ಒಳಗೆ ಹಸಿರುಮಿಶ್ರಿತ ಬೂದು ಕಂಡರೆ, ನಾಲಿಗೆಗೆ ಸೋಪಿನಂಥ ರುಚಿ ಬಂದರೆ, ಸೋಡಾ ಹೆಚ್ಚಾಗಿದೆ ಎಂದು ಖಚಿತ. ಮನೆಯಲ್ಲಿ ಮಾಡುವ ಹಟ ಇದ್ದರೆ 250 ಗ್ರಾಂ ಹಿಟ್ಟಿಗೆ ಸೋಡಾ ಹಾಕದೆ ಮುಕ್ಕಾಲು ಚಮಚ ಬೇಕಿಂಗ್ ಪೌಡರ್, ಎರಡು ದೊಡ್ಡ ಚಮಚ ಮೊಸರು ಹಾಕಿ, ಅರ್ಧ ಬೆರಳಿನಷ್ಟು ದಪ್ಪಗೆ ಕತ್ತರಿಸಿ, 150-160 ಡಿಗ್ರಿಯಲ್ಲಿ 16ರಿಂದ 18 ನಿಮಿಷ ಬೇಯಿಸಿ. ಗರಿಗರಿ ಸ್ವಲ್ಪ ಕಡಿಮೆಯಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ರಸ್ಕು ಎಂದರೆ ಬೆಂದ ಬ್ರೆಡ್ಡನ್ನು ಕೊಯ್ದು ಮತ್ತೊಮ್ಮೆ ಒಣಗಿಸಿದ್ದು. ಮೊದಲ ಸಲ ತಿರುಳಿನಲ್ಲಿ ಉಳಿದದ್ದನ್ನು ಎರಡನೆಯ ಸಲ ಕಳೆದುಕೊಳ್ಳುವ ವ್ಯವಸ್ಥೆ. ಇದಕ್ಕೆ ಹೆಚ್ಚು ಬೆಲೆ ಕೇಳುವುದು ಅನ್ಯಾಯ.

ಹಾಗಾದರೆ ಒಟ್ಟು ಎಷ್ಟು ಸಿಗುತ್ತದೆ? ಬೇಯಿಸುವುದಕ್ಕೆ ಮೊದಲಿನ ಲೆಕ್ಕವನ್ನೇ ಹಿಡಿಯೋಣ. ಎರಡು ಚಪಾತಿಗೆ 60 ಗ್ರಾಂ ಹಿಟ್ಟು, ಕಿಲೋಗೆ 140 ಮಿಲಿಗ್ರಾಂ ಎಂದರೆ ಸುಮಾರು 8 ಮಿಲಿಗ್ರಾಂ ಆಂಥೋಸಯನಿನ್. ಮೇಲೆ ಹೇಳಿದ ಬ್ರೆಡ್ಡಿನ ಎರಡು ಸ್ಲೈಸಿನಲ್ಲಿ ಕಪ್ಪು ಹಿಟ್ಟು 15 ಗ್ರಾಮಿನ ಹತ್ತಿರ, ಅಂದರೆ 2 ಮಿಲಿಗ್ರಾಂ. ಹಿಟ್ಟಿನಲ್ಲಿ ಐದರಲ್ಲೊಂದು ಪಾಲು ಮಾತ್ರ ಕಪ್ಪು ಗೋಧಿ ಬೆರೆಸಿದ ನಾಲ್ಕು ಬಿಸ್ಕತ್ತಿನಲ್ಲಿ ಅರ್ಧ ಮಿಲಿಗ್ರಾಮಿನ ಆಚೀಚೆ. ಬೆಂಕಿಯ ಪಾಲು ಇದರಲ್ಲಿ ಕಳೆಯಬೇಕು. ಮಳೆಗಾಲದ ಶುರುವಿನಲ್ಲಿ ಸಂತೆಗೆ ಬರುವ ನೇರಳೆ ಹಣ್ಣು ಒಂದು ಹಿಡಿ ತಿಂದರೆ ಇದರ ಎಷ್ಟೋ ಪಟ್ಟು ಸಿಗುತ್ತದೆ, ಬೇಯಿಸುವ ಗೊಡವೆಯೂ ಇಲ್ಲ. ಶುಗರ್ ವಾಸಿಯಾಗುತ್ತದೆ ಎಂದು ಪ್ಯಾಕೆಟ್ಟಿನ ಮೇಲೆ ಬರೆದಿದ್ದರೆ ಅದನ್ನು ನಂಬಿ ಮಾತ್ರೆ ಬಿಡಬೇಡಿ. ಹಿಟ್ಟಿನ ಪಿಷ್ಟ ಪಿಷ್ಟವೇ, ತಿಂದ ಚಪಾತಿಯ ಲೆಕ್ಕ ಇಟ್ಟೇ ಇಡಬೇಕು. ಗ್ಲುಟನ್ ಆಗದವರಿಗೆ ಇದೂ ವರ್ಜ್ಯ.

ಓವನ್ ಇಲ್ಲದವರು ಪರಿಚಯದ ಬೇಕರಿಗೆ ಹಿಟ್ಟು ಕೊಟ್ಟು ಬ್ರೆಡ್ಡು ಮಾಡಿಸಿಕೊಳ್ಳಬಹುದು, ಮಾಡಿಕೊಡುವವರು ಸಿಗುತ್ತಾರೆ. ಕೊಡುವಾಗ ಮೂರು ಮಾತು ಮೊದಲೇ ಆಡಿಕೊಳ್ಳಿ. ಹಿಟ್ಟನ್ನು ಜರಡಿ ಹಿಡಿಯಬಾರದು, ಸೋಡಾ ಮುಟ್ಟಿಸಬಾರದು, ನೀರಿನ ಒಂದು ಪಾಲಿಗೆ ಮೊಸರು ಹಾಕಬೇಕು. ಸೌದೆ ಭಟ್ಟಿಯ ಬೇಕರಿಯಾದರೆ ಭಟ್ಟಿ ಕೆಂಡವಾಗಿರುವ ಮೊದಲ ಸರತಿಗೆ ಬೇಡ, ಬನ್ನು ಇಳಿಸಿ ಕಾವು ತಗ್ಗಿದ ಮೇಲಿನ ಸರತಿಗೆ ಹಾಕಲು ಹೇಳಿ. ಬ್ರೆಡ್ಡನ್ನು ಸ್ಲೈಸ್ ಮಾಡಿಸದೆ ಇಡಿಯಾಗಿ ತನ್ನಿ. ಪೂರ್ತಿ ಆರಿದ ಮೇಲೆ ಬಟ್ಟೆ ಸುತ್ತಿ ಡಬ್ಬಿಯಲ್ಲಿಟ್ಟು, ಬೇಕಾದಾಗ ಕೊಯ್ದುಕೊಂಡು ಎರಡು ದಿನದೊಳಗೆ ಮುಗಿಸಿ. ಮೂರನೆಯ ದಿನಕ್ಕೆ ಉಳಿದರೆ ಟೋಸ್ಟ್ ಮಾಡುವ ಬದಲು ಇಡ್ಲಿ ಪಾತ್ರೆಯಲ್ಲಿ ಎರಡು ನಿಮಿಷ ಹಬೆಗೆ ಹಿಡಿದರೆ ಮೆತ್ತಗಾಗುತ್ತದೆ.